ಹೆಸರು ಒಂದೇ, ಹಾದಿ ಬೇರೆ: ಹಂಪಿಯ ಸೀವೆಲ್, ಕಡಲಿನ ಸೀವೆಲ್

ಹಂಪಿಯ ಇತಿಹಾಸ ಓದಲು ಹೊರಟವರಿಗೆ ಮೊದಲು ಎದುರಾಗುವ ಹೆಸರುಗಳಲ್ಲಿ ಸೀವೆಲ್ ಒಂದು. ಅವರ ಪುಸ್ತಕವನ್ನು ಹುಡುಕಿಕೊಂಡು ದೊಡ್ಡದೊಂದು ಗ್ರಂಥಾಲಯಕ್ಕೆ ಹೋಗಿ ‘ಸೀವೆಲ್, ಆರ್.’ ಎಂಬ ನಮೂದನ್ನು ತೆರೆದರೆ ಸ್ವಲ್ಪ ಗಲಿಬಿಲಿಯಾಗುತ್ತದೆ. ವಿಜಯನಗರದ ಇತಿಹಾಸ, ಪಂಚಾಂಗದ ಕೋಷ್ಟಕಗಳು, ದಕ್ಷಿಣ ಭಾರತದ ಶಾಸನಗಳು ಅಲ್ಲಿರುತ್ತವೆ. ಅವುಗಳ ಬೆನ್ನಿಗೇ ಹಿಂದೂ ಮಹಾಸಾಗರದ ಸೂಕ್ಷ್ಮ ಜೀವಿಗಳು, ಅಂಡಮಾನ್ ಕಡಲಿನ ನೀರಿನ ಉಪ್ಪಿನಂಶ, ಮೊಹೆಂಜೊದಾರೊದ ಎಲುಬುಗಳು! ಒಬ್ಬನೇ ಮನುಷ್ಯ ಇಷ್ಟೆಲ್ಲ ಬರೆದನೇ?

ಇಲ್ಲ. ಇವರು ಇಬ್ಬರು. ಇಬ್ಬರ ಹೆಸರೂ ರಾಬರ್ಟ್ ಸೀವೆಲ್ ಎಂದೇ. ಇಬ್ಬರೂ ಭಾರತದಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ಮೊದಲನೆಯವರು ಮದ್ರಾಸ್ ಸಿವಿಲ್ ಸರ್ವಿಸ್‌ನ ರಾಬರ್ಟ್ ಸೀವೆಲ್ (1845–1925). ಎರಡನೆಯವರು ಪ್ರಾಣಿವಿಜ್ಞಾನಿ ರಾಬರ್ಟ್ ಬೆರೆಸ್‌ಫರ್ಡ್ ಸೇಮೂರ್ ಸೀವೆಲ್ (1880–1964). ಒಂದೇ ಹೆಸರಿನಡಿ ಸೇರಿಕೊಂಡ ಈ ಎರಡು ವಿದ್ವತ್ತುಗಳ ಕಥೆ ವಿನೋದದ್ದಾಗಿ ಕಂಡರೂ, ನಾವು ವಿದ್ವಾಂಸರನ್ನು ಹೇಗೆ ನೆನಪಿಡುತ್ತೇವೆ, ಯಾರನ್ನು ಮರೆಯುತ್ತೇವೆ ಎಂಬ ಪ್ರಶ್ನೆಯನ್ನೂ ಎತ್ತುತ್ತದೆ.

ಕಲೆಕ್ಟರ್ ಬರೆದ ಇತಿಹಾಸ

ಮೊದಲನೆಯ ಸೀವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವರು. ಆಗ ಹಂಪಿ, ಹೊಸಪೇಟೆ, ಕಂಪ್ಲಿ ಎಲ್ಲವೂ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ವಿಜಯನಗರದ ಅವಶೇಷಗಳು ಕಣ್ಣೆದುರಿಗಿದ್ದರೂ ಅದರ ಅರಸರ ಚರಿತ್ರೆ ಚದುರಿಹೋಗಿತ್ತು. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸರಾದ ಡೊಮಿಂಗೊ ಪೇಸ್ ಮತ್ತು ಫೆರ್ನಾವೊ ನೂನಿಜ್ ಬರೆದಿಟ್ಟ ವೃತ್ತಾಂತಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದವು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು ಅವನ್ನು 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದರು. ಸೀವೆಲ್ ಅವನ್ನು ಇಂಗ್ಲಿಷಿಗೆ ತಂದು, ತಮ್ಮದೇ ಇತಿಹಾಸ ಕಥನದೊಡನೆ ಸೇರಿಸಿ, 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಗ್ರಂಥವನ್ನು ಪ್ರಕಟಿಸಿದರು.

ಸೀಮೆಯ ಪರಿಚಯ ಇದ್ದುದರಿಂದ ಈ ಅನುವಾದಕ್ಕೆ ನೆಲದ ಗುರುತು ದೊರೆಯಿತು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ಪೇಸ್ ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅದು ಹೊಸಪೇಟೆಯ ನೈಋತ್ಯಕ್ಕೆ, ಸಂಡೂರು ಬೆಟ್ಟಗಳ ಕಣಿವೆಯ ಬಾಯಲ್ಲಿರುವ ಭಾರಿ ಏರಿಯ ಕೆರೆಯೇ ಇರಬೇಕೆಂದು ಸೀವೆಲ್ ಗುರುತಿಸಿದರು. ತಮ್ಮ ಕಾಲಕ್ಕೆ ಆ ಕೆರೆ ಬತ್ತಿ, ಏರಿಯ ಮೇಲೆ ಹೆದ್ದಾರಿ ಹಾದುಹೋಗಿದ್ದುದನ್ನೂ ಬರೆದಿಟ್ಟರು. ಪೋರ್ಚುಗೀಸ್ ಭಾಷೆ ಬಲ್ಲವರು ಬೇರೆಯೂ ಇದ್ದರು. ಆದರೆ ಆ ಏರಿಯ ನೆನಪು ಇರಬೇಕಾದರೆ ಬಳ್ಳಾರಿ ಜಿಲ್ಲೆಯಲ್ಲಿ ಓಡಾಡಿರಬೇಕಿತ್ತು.

ಅಮಾವಾಸ್ಯೆಯ ಸಾಕ್ಷಿ

ಸೀವೆಲ್‌ರ ಇನ್ನೊಂದು ಆಸಕ್ತಿ ಕಾಲಗಣನೆ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಇರುತ್ತವೆ. ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವುದೇ ಕಷ್ಟ. ಅದಕ್ಕಾಗಿ 1896ರಲ್ಲಿ ‘ದಿ ಇಂಡಿಯನ್ ಕ್ಯಾಲೆಂಡರ್’ ಎಂಬ ಗ್ರಂಥ ಹೊರಬಂತು. ಕ್ರಿ.ಶ. 300ರಿಂದ 1900ರವರೆಗಿನ ವರ್ಷಗಳ ಕೋಷ್ಟಕ ಅದರಲ್ಲಿದೆ. ಅದರ ಮುಖಪುಟದಲ್ಲಿರುವುದು ಎರಡು ಹೆಸರು: ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್.

ಈ ವಿದ್ಯೆ ಹಂಪಿಯ ಇತಿಹಾಸಕ್ಕೆ ಹೇಗೆ ಒದಗಿತೆಂಬುದಕ್ಕೆ ರಾಯಚೂರು ಯುದ್ಧವೇ ಉದಾಹರಣೆ. ಕೃಷ್ಣದೇವರಾಯ ಬಿಜಾಪುರದ ಆದಿಲಶಾಹನನ್ನು ಸೋಲಿಸಿದ ಈ ಯುದ್ಧಕ್ಕೆ ನೂನಿಜ್ ಕೊಟ್ಟ ವರ್ಷ 1522. ಮೇ ತಿಂಗಳ ಅಮಾವಾಸ್ಯೆ, ಶನಿವಾರ ಎಂದೂ ಅವನ ಬರಹದಿಂದ ತಿಳಿಯುತ್ತದೆ. ಲೆಕ್ಕ ಹಾಕಿದರೆ 1522ರ ಮೇ ಅಮಾವಾಸ್ಯೆ ಶನಿವಾರ ಬೀಳುವುದಿಲ್ಲ. 1520ರಲ್ಲಾದರೋ ಅಮಾವಾಸ್ಯೆ ಮೇ 17ರ ಗುರುವಾರ ಮುಗಿದು, ಎಳೆಚಂದ್ರ ಕಣ್ಣಿಗೆ ಬೀಳುವ ಹೊತ್ತಿಗೆ ಮೇ 19ರ ಶನಿವಾರ. ಗೋವೆಯ ಪೋರ್ಚುಗೀಸರ ಆ ಕಾಲದ ಚಟುವಟಿಕೆಗಳೂ 1520ಕ್ಕೇ ಹೊಂದುತ್ತವೆ. ಹೀಗೆ ಸೀವೆಲ್ ಯುದ್ಧದ ದಿನವನ್ನು 1520ರ ಮೇ 19 ಎಂದು ನಿಲ್ಲಿಸಿದರು. ಇಂದಿಗೂ ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು 1520ರ ವರ್ಷವೇ.

ನೂನಿಜ್ ತನ್ನ ಕಥೆಯನ್ನು ಆರಂಭಿಸುವಾಗಲೂ ಇಂಥದೇ ತಪ್ಪು ಮಾಡಿದ್ದಾನೆ. ದೆಹಲಿಯ ಸುಲ್ತಾನನ ದಾಳಿಗೆ ಆನೆಗೊಂದಿ ಬಿದ್ದ ಪ್ರಸಂಗವನ್ನು 1230ರ ಸುಮಾರಿಗೆ ಇಟ್ಟಿದ್ದಾನೆ. ಕಂಪ್ಲಿಯ ಕಂಪಿಲರಾಯನ ರಾಜ್ಯ ಮಹಮ್ಮದ್ ಬಿನ್ ತುಘಲಕನ ಸೇನೆಗೆ ಸೋತದ್ದು 1327ರಲ್ಲಿ. ಸರಿಸುಮಾರು ಒಂದು ನೂರು ವರ್ಷದ ವ್ಯತ್ಯಾಸ! ಊರೂರಿನ ಕಥೆಯನ್ನು ಇತಿಹಾಸವಾಗಿಸಲು ಪಂಚಾಂಗ ಬಲ್ಲವರ ನೆರವು ಎಷ್ಟು ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಬ್ಬರು ಸೀವೆಲ್, ಇಬ್ಬರು ದೀಕ್ಷಿತ್

ಎರಡನೆಯ ಸೀವೆಲ್‌ರ ಲೋಕವೇ ಬೇರೆ. ಅವರು ವೈದ್ಯರಾಗಿ 1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷಾ ಹಡಗಿನಲ್ಲಿ ವೈದ್ಯ ಹಾಗೂ ನಿಸರ್ಗವಿಜ್ಞಾನಿಯಾಗಿ ಕಡಲು ಸುತ್ತಿದರು. ಕೋಪೆಪಾಡ್ ಎಂಬ, ಅಕ್ಕಿಕಾಳಿಗಿಂತ ಚಿಕ್ಕದಾದ ಜಲಜೀವಿಗಳ ಅಧ್ಯಯನ ಅವರ ಜೀವಮಾನದ ಕೆಲಸ. ಕಡಲಿನ ಆಹಾರ ಸರಪಣಿಯಲ್ಲಿ ಮೀನುಗಳ ಬದುಕು ಬಹುಮಟ್ಟಿಗೆ ಈ ಜೀವಿಗಳನ್ನು ಆಧರಿಸಿದೆ. ಹಂಪಿಯ ಸೀವೆಲ್ ತೀರಿಕೊಂಡ 1925ರಲ್ಲೇ ಈ ಸೀವೆಲ್ ಕಲ್ಕತ್ತೆಯ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾದರು. 1933–34ರಲ್ಲಿ ‘ಮಬಾಹಿಸ್’ ಎಂಬ ಈಜಿಪ್ಟಿನ ಹಡಗಿನಲ್ಲಿ ಅರಬ್ಬಿ ಸಮುದ್ರವನ್ನು ಶೋಧಿಸಿದ ಜಾನ್ ಮರ್ರೆ ಯಾತ್ರೆಗೆ ನಾಯಕರಾಗಿದ್ದರು.

ಹಾಗಾದರೆ ಈ ಕಡಲಿನ ಪಂಡಿತರು ಮೊಹೆಂಜೊದಾರೊದ ಬಗ್ಗೆ ಬರೆದದ್ದೇಕೆ? ಆಗ ಮಾನವಶಾಸ್ತ್ರಕ್ಕೆ ಪ್ರತ್ಯೇಕ ಸಂಸ್ಥೆ ಇರಲಿಲ್ಲ. ಅದು ಪ್ರಾಣಿವಿಜ್ಞಾನ ಸಂಸ್ಥೆಯ ಒಂದು ವಿಭಾಗ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ ಬೇರೆಯಾಗಿ ನಿಂತದ್ದು 1945ರಲ್ಲಿ. ಹೀಗಾಗಿ ಉತ್ಖನನದಲ್ಲಿ ದೊರೆತ ಮನುಷ್ಯರ ಹಾಗೂ ಪ್ರಾಣಿಗಳ ಎಲುಬುಗಳು ಪರೀಕ್ಷೆಗಾಗಿ ಕಲ್ಕತ್ತೆಗೆ ಹೋದವು. ಸೀವೆಲ್ ಮತ್ತು ಬಿ. ಎಸ್. ಗುಹ ಅವನ್ನು ಪರಿಶೀಲಿಸಿ ಬರೆದ ವರದಿ ಜಾನ್ ಮಾರ್ಷಲ್‌ರ 1931ರ ಮೂರು ಸಂಪುಟಗಳ ಗ್ರಂಥದಲ್ಲಿ ಸೇರಿತು.

ಇಲ್ಲೊಂದು ಸ್ವಾರಸ್ಯವಿದೆ. ಮೊಹೆಂಜೊದಾರೊದಲ್ಲಿ 1924–25ರಲ್ಲಿ ಅಗೆದವರಲ್ಲಿ ಕಾಶೀನಾಥ ನಾರಾಯಣ ದೀಕ್ಷಿತ್ ಒಬ್ಬರು. ಆ ನಗರದ ‘ಡಿಕೆ’ ಪ್ರದೇಶಕ್ಕೆ ಆ ಹೆಸರು ಬಂದಿರುವುದು ಅವರಿಂದಲೇ. ಮುಂದೆ 1937ರಿಂದ 1944ರವರೆಗೆ ಅವರು ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದರು. ಅಂದರೆ 1896ರ ಪಂಚಾಂಗ ಗ್ರಂಥದಲ್ಲಿ ಒಬ್ಬ ಸೀವೆಲ್, ಒಬ್ಬ ದೀಕ್ಷಿತ್; 1931ರ ಮೊಹೆಂಜೊದಾರೊ ಗ್ರಂಥದ ಕೆಲಸದಲ್ಲಿ ಇನ್ನೊಬ್ಬ ಸೀವೆಲ್, ಇನ್ನೊಬ್ಬ ದೀಕ್ಷಿತ್. ಒಂದು ಜೋಡಿ ಆಕಾಶ ನೋಡಿತು, ಇನ್ನೊಂದು ಮಣ್ಣನ್ನು ನೋಡಿತು. ಹೆಸರನ್ನಷ್ಟೇ ನೆಚ್ಚಿ ವಂಶವೃಕ್ಷ ಬರೆಯಲು ಕೂತವರು ಇಲ್ಲಿ ದಾರಿ ತಪ್ಪುವುದು ಖಂಡಿತ.

ಹೆಸರು ಹೇಳುವುದೇನು?

ದೀಕ್ಷಿತ ಎಂದರೆ ಯಜ್ಞದ ದೀಕ್ಷೆ ತೊಟ್ಟವನು. ಬಿರುದು ಕಾಲಕ್ರಮದಲ್ಲಿ ಮನೆತನದ ಹೆಸರಾಯಿತು. ‘ರಾವ್’ ಎಂಬುದೂ ಹೀಗೆಯೇ. ರಾಜ, ರಾಯ, ರಾವ್ ಮೂಲದಲ್ಲಿ ಒಂದೇ ಮಾತು. ಪೇಸ್ ನಮ್ಮ ಕೃಷ್ಣರಾಯನನ್ನು ‘ಕ್ರಿಸ್ನರಾವ್’ ಎಂದೇ ಬರೆದಿದ್ದಾನೆ! ಇಂಗ್ಲಿಷ್ ಗ್ರಂಥಸೂಚಿಯ ಪದ್ಧತಿಯಂತೆ ಹೆಸರಿನ ಕೊನೆಯ ಪದವನ್ನು ಮುಂದಿಟ್ಟರೆ ಲೋಥಲ್ ಅಗೆದ ಎಸ್. ಆರ್. ರಾವ್, ಆರ್ಯಭಟ ಉಪಗ್ರಹದ ಯು. ಆರ್. ರಾವ್, ರಸಾಯನವಿಜ್ಞಾನದ ಸಿ. ಎನ್. ಆರ್. ರಾವ್, ಹಂಪಿಯ ಸಂಶೋಧನೆಗೆ ಹೊಸ ಚಾಲನೆ ಕೊಟ್ಟ ಎಂ. ಎಸ್. ನಾಗರಾಜ ರಾವ್ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಊರಿನ ಹೆಸರು, ತಂದೆಯ ಹೆಸರು ಸೂಚಿಸುವ ಇನಿಶಿಯಲ್‌ಗಳೇ ನಮ್ಮಲ್ಲಿ ನಿಜವಾದ ಗುರುತು. ಅವನ್ನು ಬಿಟ್ಟುಬಿಟ್ಟರೆ ಮನುಷ್ಯನೇ ಕಳೆದುಹೋಗುತ್ತಾನೆ.

ಕಳೆದುಹೋಗುವುದು ಇನ್ನೊಂದು ಬಗೆಯಲ್ಲೂ ಆಗುತ್ತದೆ. ‘ಸೀವೆಲ್‌ರ ಕ್ಯಾಲೆಂಡರ್’ ಎಂದು ಚುಟುಕಾಗಿ ಹೇಳಿದಾಗ ಬಿಟ್ಟುಹೋಗುವುದು ದೀಕ್ಷಿತರ ಹೆಸರು. ಈ ಶಂಕರ ಬಾಲಕೃಷ್ಣ ದೀಕ್ಷಿತರು ಸಾಮಾನ್ಯರಲ್ಲ. ಉಪಾಧ್ಯಾಯ ವೃತ್ತಿಯಲ್ಲಿದ್ದುಕೊಂಡೇ ಭಾರತೀಯ ಜ್ಯೋತಿಷಶಾಸ್ತ್ರದ ಸಮಗ್ರ ಇತಿಹಾಸವನ್ನು ಮರಾಠಿಯಲ್ಲಿ ಬರೆದವರು. 1898ರಲ್ಲಿ, ನಲವತ್ತೈದರ ಆಸುಪಾಸಿನಲ್ಲೇ ತೀರಿಕೊಂಡರು. ಶಾಸನದ ತಿಥಿಯನ್ನು ತಾರೀಖಿಗೆ ತಿರುಗಿಸಿಕೊಂಡ ಎರಡು ಮೂರು ತಲೆಮಾರಿನ ಸಂಶೋಧಕರು ಅವರಿಗೂ ಋಣಿಗಳು.

ಬೂದಿಗುಡ್ಡದ ಪಾಠ

ಒಬ್ಬ ವಿದ್ವಾಂಸ ತನ್ನ ಕ್ಷೇತ್ರದ ಗಡಿ ದಾಟಿದಾಗ ಜೊತೆಗಾರ ಸಿಕ್ಕರೆ ಲಾಭ, ಸಿಗದಿದ್ದರೆ ಎಡವುವ ಅಪಾಯ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯ ಬಳಿ ಇರುವ ಬೂದಿಗುಡ್ಡವನ್ನು ಜನ ಭೀಮ ಕೊಂದ ಹಿಡಿಂಬನ ಚಿತೆಯೆನ್ನುತ್ತಾರೆ. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯೆನ್ನುತ್ತಾರೆ. ಈ ಬೂದಿಗುಡ್ಡಗಳ ಬಗ್ಗೆ ಸೀವೆಲ್ 1899ರಲ್ಲಿ ಲೇಖನ ಬರೆದರು. ಇತಿಹಾಸಕಾರನ ಕಣ್ಣಿಗೆ ಬೂದಿ ಕಂಡಾಗ ಹೊಳೆದದ್ದು ದಹನದ ಯೋಚನೆಯೇ. ನಿಂಬಾಪುರದ ಬೂದಿಯನ್ನು ಅವರು ವಿಜಯನಗರ ಕಾಲದ ಸಹಗಮನಗಳಿಗೆ ಜೋಡಿಸಿ ನೋಡಿದರು.

ಸಂಡೂರಿನ ಬೆಟ್ಟಗಳನ್ನೂ ಒಳಗೊಂಡು ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಸಮೀಕ್ಷೆ ಮಾಡಿ 1895ರಲ್ಲಿ ವರದಿ ಪ್ರಕಟಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಾದರೋ ಬೂದಿಗುಡ್ಡಗಳಲ್ಲಿ ನವಶಿಲಾಯುಗದ ದನಗಾಹಿಗಳ ಕುರುಹು ಕಂಡರು. ಅದು ಸಗಣಿ ಸುಟ್ಟ ಬೂದಿ ಎಂಬ ನಿಲುವಿಗೆ ಬಂದರು. ಕೊನೆಗೆ ತೀರ್ಮಾನ ಫೂಟ್‌ರ ಕಡೆಗೇ ವಾಲಿತು. ಎಫ್. ಇ. ಝಾಯ್ನರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಉತ್ನೂರಿನಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ಇವು ದನಗಳ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯ ರಾಶಿಗಳೆಂದು ವಿವರಿಸಿದರು. ಅಂದರೆ ಈ ಗುಡ್ಡಗಳು ವಿಜಯನಗರಕ್ಕಿಂತ ಮೂರು ಸಾವಿರ ವರ್ಷಕ್ಕೂ ಹಿಂದಿನವು.

ಕಂಪ್ಲಿಯಿಂದ ಬಹು ದೂರವಿಲ್ಲದ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ನಡೆದ ಉತ್ಖನನ ಇದಕ್ಕೆ ಪ್ರತಿಯಾದ ಚಿತ್ರ. ಅಲ್ಲಿ ಪುರಾತತ್ವದ ಎಂ. ಎಸ್. ನಾಗರಾಜ ರಾವ್ ಮತ್ತು ಮಾನವಶಾಸ್ತ್ರದ ಕೆ. ಸಿ. ಮಲ್ಹೋತ್ರಾ ಕೂಡಿ ಕೆಲಸ ಮಾಡಿದರು. ಇಬ್ಬರೂ ಸೇರಿ ಬರೆದ ಗ್ರಂಥ 1965ರಲ್ಲಿ ಬಂತು. ಮಡಕೆ ಚೂರು, ಕಲ್ಲಿನ ಕೊಡಲಿಯ ಮಾತು ಒಬ್ಬರಿಗೆ ತಿಳಿಯಿತು, ಎಲುಬಿನ ಮಾತು ಇನ್ನೊಬ್ಬರಿಗೆ. ಗ್ರಂಥಸೂಚಿಯಲ್ಲಿ ‘ಎಂ’ ಮತ್ತು ‘ಆರ್’ ಅಕ್ಷರಗಳಡಿ ದೂರ ದೂರ ಕೂರುವ ಈ ಇಬ್ಬರ ನಡುವಿನ ಸಂಬಂಧ, ಅಕ್ಕಪಕ್ಕ ಕೂರುವ ಇಬ್ಬರು ಸೀವೆಲ್‌ರ ನಡುವಿನದಕ್ಕಿಂತ ಗಟ್ಟಿಯಾದದ್ದು.

2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಗಡಿ ಎಲ್ಲಿ ಹಾದರೂ ಈ ಸೀಮೆಯ ಇತಿಹಾಸ ಒಂದೇ. ಅದನ್ನು ಅರಿಯಲು ಶಾಸನ, ಪಂಚಾಂಗ, ಭೂವಿಜ್ಞಾನ, ಎಲುಬು, ಸಗಣಿ ಎಲ್ಲವನ್ನೂ ಬಲ್ಲವರು ಬೇಕು. ಮುಂದಿನ ಸಲ ಹಂಪಿಯ ಪುಸ್ತಕವೊಂದರಲ್ಲಿ ‘ಸೀವೆಲ್’ ಎಂದು ಕಂಡರೆ ಹೆಸರಿನ ಹಿಂದೆ ಮುಂದೆ ಒಮ್ಮೆ ಕಣ್ಣಾಡಿಸಿ. ಯಾವ ಸೀವೆಲ್ ಎಂದು ನೋಡಿಕೊಳ್ಳಿ. ಪಕ್ಕದಲ್ಲಿ ಒಬ್ಬ ದೀಕ್ಷಿತರಿದ್ದರೆ ಅವರನ್ನೂ ಮರೆಯಬೇಡಿ.