ಹೆಪ್ಪು, ಕೊಟ್ಟಿಗೆ ಮತ್ತು ಜೀವಸತ್ವ: ಕಾಫಿ ಸೀಮೆಯ ಒಂದು ಆಹಾರಚರಿತ್ರೆ

ಮೂಡಿಗೆರೆ, ಕಳಸ ಪರಿಸರದ ಅಡುಗೆಮನೆಗಳಲ್ಲಿ ಆಷಾಢದ ಜಡಿಮಳೆಗೆ ಹಾಲು ಬೇಗ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಗಡಿಗೆಯನ್ನು ಒಲೆಯ ಬಿಸುಪಿನ ಪಕ್ಕದಲ್ಲಿಡುವುದು ವಾಡಿಕೆ. ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರುತ್ತಾರೆ. ಬ್ಯಾಕ್ಟೀರಿಯಾ ಎಂಬ ಪದದ ಹಂಗಿಲ್ಲದೆ ಅವುಗಳನ್ನು ಸಾಕಿ, ಹಂಚಿಕೊಂಡು ಬಂದ ಪರಂಪರೆ ಇದು.

ಈ ತಿಳಿವಳಿಕೆ ಕನ್ನಡದಲ್ಲಿ ಬಹು ಹಳೆಯದು. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ಅರೆದು, ಮೊಸರಿನ ತಿಳಿಯೊಡನೆ ಬೆರೆಸುವ ಕ್ರಮ ಬಂದಿದೆ. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಫೋಲೇಟ್, ರೈಬೋಫ್ಲೇವಿನ್‌ನಂತಹ ಬಿ ಗುಂಪಿನ ಜೀವಸತ್ವಗಳನ್ನು ತಯಾರಿಸಬಲ್ಲವು.

ಇಲ್ಲಿ ಒಂದು ಎಚ್ಚರ ಅಗತ್ಯ. ದೋಸೆಹಿಟ್ಟು, ತಂಗಳನ್ನಗಳೇ ಬಿ-12 ಜೀವಸತ್ವವನ್ನೂ ಪೂರೈಸುತ್ತವೆಂಬ ಮಾತು ಈಚೆಗೆ ಬಳಕೆಗೆ ಬಂದಿದೆ. ಜನಪದ ಜ್ಞಾನದ ಮೇಲಿನ ಅಭಿಮಾನ ಅಷ್ಟು ದೂರ ಹೋಗಬಾರದು. ಹಿಟ್ಟನ್ನು ಹುಳಿಯಾಗಿಸುವ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಬಿ-12ಕ್ಕಾಗಿ ನೆಚ್ಚುವಂತಿಲ್ಲ. ಅದನ್ನು ಸಸ್ಯವಾಗಲಿ ಪ್ರಾಣಿಯಾಗಲಿ ತಯಾರಿಸಲಾರದು. ಕೆಲವು ಬ್ಯಾಕ್ಟೀರಿಯಾಗಳು ಮತ್ತು ಅವುಗಳ ದೂರದ ನೆಂಟರಾದ ಆರ್ಕಿಯಾಗಳು ಮಾತ್ರ ಬಲ್ಲವು. 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಇದನ್ನು ಬೇರ್ಪಡಿಸಲಾಯಿತು. 1972ರಲ್ಲಿ ವುಡ್‌ವರ್ಡ್ ಮತ್ತು ಎಶನ್‌ಮೋಸರ್ ಅವರ ತಂಡಗಳು ಪ್ರಯೋಗಾಲಯದಲ್ಲಿ ಕೃತಕವಾಗಿ ಕಟ್ಟಿ ತೋರಿಸಿದವು. ಆ ದಾರಿ ಎಷ್ಟು ದೀರ್ಘವಾಗಿತ್ತೆಂದರೆ, ಔಷಧ ಕಾರ್ಖಾನೆಗಳು ಇಂದಿಗೂ ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿಯೇ ಅದನ್ನು ಪಡೆಯುತ್ತವೆ.

ಮಲೆನಾಡಿನಲ್ಲಿ ಆ ತೊಟ್ಟಿ ಕೊಟ್ಟಿಗೆಯಲ್ಲಿತ್ತು. ಗುಡ್ಡದಲ್ಲಿ ಮೇಯುವ ಮಲೆನಾಡು ಗಿಡ್ಡ ಹಸುವಿನ ಮೆಲುಕುಚೀಲದ ಸೂಕ್ಷ್ಮಜೀವಿಗಳು, ಮೇವಿನಲ್ಲಿರುವ ಅತ್ಯಲ್ಪ ಕೋಬಾಲ್ಟನ್ನು ಬಳಸಿ ಬಿ-12 ತಯಾರಿಸುತ್ತವೆ; ಅದು ಹಾಲಿಗೆ, ಮಜ್ಜಿಗೆಗೆ ಇಳಿಯುತ್ತದೆ. ಗಿಡ್ಡ ಕೊಡುವ ಹಾಲೇನೋ ಅಲ್ಪ. ಆದರೆ ಮಾಂಸ ಮುಟ್ಟದ ಮನೆಗೆ ಆ ಮಜ್ಜಿಗೆಯೇ ಆಧಾರ.

ಹಾಗಾದರೆ ಕೊಟ್ಟಿಗೆಯೇ ಇಲ್ಲದವರ ಪಾಡೇನು? ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ನೆಲೆಸಿದವರಿಗೆ ಹಸು ಕಟ್ಟುವಷ್ಟು ಜಾಗವೂ ದುರ್ಲಭ. ಗಂಜಿಯ ಜೊತೆಗೆ ಅವರಿಗಿದ್ದದ್ದು ಕರಾವಳಿಯ ಒಣಮೀನು, ಮೊದಲ ಮಳೆಗೆ ಗದ್ದೆಯಂಚಿನಲ್ಲಿ ಹಿಡಿದ ಹತ್ತುಮೀನು, ಹಳ್ಳದ ಏಡಿ. ಮೀನು, ಏಡಿಗಳ ಮೈಯಲ್ಲಿರುವ ಬಿ-12 ಕೂಡ ಮೂಲತಃ ನೀರಿನ ಬ್ಯಾಕ್ಟೀರಿಯಾಗಳದೇ. ಆಹಾರ ಸರಪಳಿಯ ಮೂಲಕ ಬಂದದ್ದು. ಏಡಿ ಸಾರನ್ನು ಬಡವರ ಊಟವೆಂದು ಕೀಳಾಗಿ ಕಂಡವರ ಮನೆಯ ಮಜ್ಜಿಗೆಗೂ ಲೈನ್ ಮನೆಯ ಆ ಸಾರಿಗೂ ಈ ಸತ್ವದ ಮಟ್ಟಿಗೆ ಮೂಲ ಒಂದೇ ಬಗೆಯದು.