ಇಗ್ಬೊ ಜನರ ಮುಖವಾಡಗಳು

ನೈಜೀರಿಯಾದ ಆಗ್ನೇಯ ಭಾಗದಲ್ಲಿ ನೆಲೆಸಿರುವ ಇಗ್ಬೊ ಜನರ ಬಹುಪಾಲು ಊರುಗಳಿಗೆ ಹಿಂದೆ ರಾಜರಿರಲಿಲ್ಲ. ಹಿರಿಯರು, ಬಿರುದು ಪಡೆದವರು, ಸಮವಯಸ್ಕರ ಕೂಟಗಳು ಕಲೆತು ಊರಿನ ವ್ಯವಹಾರವನ್ನು ನಡೆಸುತ್ತಿದ್ದರು. ಅರಸನಿಲ್ಲದ ಕಡೆ ನ್ಯಾಯ ಹೇಳುವವರಾರು, ಹೇಳಿದರೂ ಕೇಳುವವರಾರು? ನೆರೆಮನೆಯವನು ಕೊಟ್ಟ ತೀರ್ಪಿಗೆ ಯಾರೂ ಸುಲಭವಾಗಿ ತಲೆಬಾಗುವುದಿಲ್ಲ. ಈ ತೊಡಕಿಗೆ ಆ ಸಮಾಜ ಕಂಡುಕೊಂಡ ಪರಿಹಾರಗಳಲ್ಲಿ ಮುಖವಾಡವೂ ಒಂದು.

ಅದನ್ನು ಅವರು ‘ಮ್ಮನ್ವು’ ಎಂದು ಕರೆಯುತ್ತಾರೆ. ಮರದ ಮೋರೆ, ನಾರಿನ ಉಡುಗೆ, ಬದಲಾಯಿಸಿದ ದನಿ. ನಮ್ಮ ಕಣ್ಣಿಗೆ ಇದೊಂದು ವೇಷ. ನಂಬಿದವರ ಪಾಲಿಗಾದರೋ ನೆಲದೊಳಗಿಂದ ಎದ್ದುಬಂದ ಪಿತೃ. ಒಳಗಿರುವವನು ಯಾರೆಂಬ ಗುಟ್ಟು ದೀಕ್ಷೆ ಪಡೆದ ಗಂಡಸರದು. ಹೆಂಗಸರು ಅದನ್ನು ಕೇಳುವಂತಿರಲಿಲ್ಲ.

ಚಿನುವಾ ಅಚೆಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯಲ್ಲಿ ಇಂಥ ಒಂದು ನ್ಯಾಯಸಭೆಯ ಚಿತ್ರವಿದೆ. ಹೆಂಡತಿಯನ್ನು ಹೊಡೆದವನೊಬ್ಬನ ವ್ಯಾಜ್ಯ ಒಂಬತ್ತು ಮುಖವಾಡಗಳ ಮುಂದೆ ಬರುತ್ತದೆ. ಇಷ್ಟು ಸಣ್ಣ ಸಂಗತಿ ಇಲ್ಲಿಯವರೆಗೆ ಏಕೆ ಬಂತೆಂದು ಒಬ್ಬರು ಕೇಳಿದಾಗ, ಆತ ಬೇರಾರ ಮಾತನ್ನೂ ಕೇಳುವವನಲ್ಲ ಎಂಬ ಉತ್ತರ ಬರುತ್ತದೆ. ನಾಯಕ ಒಕೊಂಕ್ವೊ ತನ್ನ ಪೀಠದಲ್ಲಿಲ್ಲ. ಒಂದು ಮುಖವಾಡದ ನಡಿಗೆ ಅವನ ನಡಿಗೆಯಂತೆಯೇ ಇದೆ. ಹೆಂಗಸರು ಅದನ್ನು ಕಂಡೂ ಬಾಯಿಬಿಡುವುದಿಲ್ಲ. ನನಗೆ ಇಡೀ ವ್ಯವಸ್ಥೆಯ ಮರ್ಮ ಈ ಮೌನದಲ್ಲಿಯೇ ಇರುವಂತೆ ತೋರುತ್ತದೆ. ತಿಳಿದೂ ತಿಳಿಯದಂತಿರಲು ಊರು ಒಪ್ಪಿದ್ದರಿಂದಲೇ ಮನುಷ್ಯನ ತೀರ್ಪು ಪಿತೃಗಳ ತೀರ್ಪಾಗುತ್ತಿತ್ತು.

ಈ ಒಪ್ಪಂದ ಎರಡು ಕಡೆಗಳಿಂದ ಸಡಿಲವಾಯಿತು. 1857ರಲ್ಲಿ ಒನಿಚಾ ಪಟ್ಟಣದಲ್ಲಿ ನೆಲೆಯೂರಿದ ಕ್ರೈಸ್ತ ಮಿಷನರಿಗಳ ದೃಷ್ಟಿಯಲ್ಲಿ ಮುಖವಾಡ ಬರಿಯ ಮರದ ತುಂಡು. ಮುಂದೆ ಬಂದ ಬ್ರಿಟಿಷ್ ಆಡಳಿತ ತಾನೇ ನೇಮಿಸಿದ ಮುಖಂಡರನ್ನು ಹೊಸ ನ್ಯಾಯಾಲಯಗಳಲ್ಲಿ ಕೂರಿಸಿತು. ಈಗ ನ್ಯಾಯಕ್ಕೆ ಮುಖವಿತ್ತು, ಹೆಸರಿತ್ತು. ಲಂಚಕ್ಕೆ ಚಾಚುವ ಕೈಯೂ ಇತ್ತು. 1929ರಲ್ಲಿ ತೆರಿಗೆಯ ಭೀತಿಯಿಂದ ಸಿಡಿದೆದ್ದ ಸಾವಿರಾರು ಹೆಂಗಸರು ಆ ನ್ಯಾಯಾಲಯಗಳ ಮೇಲೆಯೇ ಎರಗಿದರು. ಮುಖವಾಡದ ಗುಟ್ಟಿನಿಂದ ಹೊರಗಿಟ್ಟವರೇ ಹೊಸ ಅನ್ಯಾಯದ ಎದುರು ಮೊದಲು ನಿಂತರೆಂಬುದನ್ನು ಮರೆಯಲಾಗದು.

ಮುಖವಾಡ ಅಳಿಯಲಿಲ್ಲ. 1967ರಿಂದ 1970ರವರೆಗಿನ ಭೀಕರ ಅಂತರ್ಯುದ್ಧವನ್ನೂ ದಾಟಿ ಉಳಿಯಿತು. ದೂರದ ನಗರಗಳಿಗೆ ದುಡಿಯಲು ಹೋದವರು ಕ್ರಿಸ್‌ಮಸ್‌ಗೆ ಊರಿಗೆ ಮರಳಿದಾಗ ಇಂದಿಗೂ ಮುಖವಾಡಗಳು ಕುಣಿಯುತ್ತವೆ. ಸುಮಾರು ನಾಲ್ಕು ಮೀಟರ್ ಎತ್ತರದ, ನೂರು ಜನ ಆರು ತಿಂಗಳು ಶ್ರಮಿಸಿ ಸಿದ್ಧಪಡಿಸುವ ‘ಇಜೆಲೆ’ ಎಂಬ ಮಹಾ ಮುಖವಾಡವನ್ನು 2009ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇದು ಸಂತೋಷದ ಸಂಗತಿಯೇ. ಆದರೆ ಪ್ರೇಕ್ಷಕರು ನೋಡುವ ಇಜೆಲೆ ಯಾರ ವ್ಯಾಜ್ಯವನ್ನೂ ತೀರಿಸುವುದಿಲ್ಲ.

ಇನ್ನೊಂದು ಮುಖವೂ ಉಂಟು. ಕೆಲವೆಡೆ ತರುಣರು ಮುಖವಾಡ ತೊಟ್ಟು ದಾರಿಹೋಕರನ್ನು ತಡೆದು ಹಣ ಕೀಳುವುದೂ, ಹೆಂಗಸರನ್ನು ಪೀಡಿಸುವುದೂ ನಡೆಯುತ್ತದೆ. ಮರೆ ಅದೇ, ಮರೆಯ ಹಿಂದಿನ ಹೊಣೆ ಮಾತ್ರ ಇಲ್ಲ. ಹಿಂದೆ ಮುಖವಾಡದೊಳಗಿದ್ದವನು ದೀಕ್ಷೆ ಕೊಟ್ಟ ಹಿರಿಯರಿಗೆ ಉತ್ತರಿಸಬೇಕಿತ್ತು. ಹೆಸರನ್ನು ಬಚ್ಚಿಟ್ಟುಕೊಂಡದ್ದು ಊರಿನ ಪರವಾಗಿ, ತನ್ನ ಲಾಭಕ್ಕಾಗಿ ಅಲ್ಲ. ಆ ಹಳೆಯ ಸಭೆಯನ್ನು ಮರಳಿ ತರಬೇಕೆಂದು ನಾನು ಹೇಳಲಾರೆ. ಊರಿನ ಅರ್ಧ ಜನಕ್ಕೆ ಅಲ್ಲಿ ಬಾಯಿರಲಿಲ್ಲ. ಆದರೂ ಮುಖವಾಡವನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಾಡುವುದು ಸುಲಭ, ಅದನ್ನು ತೊಟ್ಟವನು ಯಾರಿಗೆ ಉತ್ತರ ಹೇಳಬೇಕೆಂಬ ಕಟ್ಟಳೆಯನ್ನು ಕಾಪಾಡುವುದು ಕಷ್ಟ. ಇಗ್ಬೊ ಊರುಗಳ ಹಿರಿಯರ ಮುಂದೆ ಇಂದು ಇರುವುದು ಈ ಎರಡನೆಯ ಕೆಲಸ.