ತಂತಿಯಲ್ಲಿ ಓಡಾಡುವ ಕೈಗಡ

ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. 1882ರಲ್ಲಿ ಎಡಿಸನ್ ನ್ಯೂಯಾರ್ಕಿನಲ್ಲಿ ದೀಪ ಬೆಳಗಿಸಿದಾಗ ಈ ಲೆಕ್ಕ ಸರಿಯಾಗಿಯೇ ಇದ್ದಿತು. ಅದು ಒಂದೇ ದಿಕ್ಕಿಗೆ ಹರಿಯುವ ಪ್ರವಾಹ. ಅನಂತರ, ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ಪ್ರವಾಹ ಬಂದಿತು. 1888ರಲ್ಲಿ ಟೆಸ್ಲಾ ಅವರು ಅದರಿಂದ ನಡೆಯುವ ಮೋಟಾರನ್ನು ಲೋಕದ ಮುಂದಿಟ್ಟರು. ಅಂಥ ಯಂತ್ರಗಳಲ್ಲಿ ಹಳೆಯ ಗುಣಾಕಾರ ಹೇಳಿದಷ್ಟು ಕೆಲಸ ನಡೆಯುತ್ತಿರಲಿಲ್ಲ. ಉಳಿದದ್ದು ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿರಲಿಲ್ಲ. ಮೋಟಾರಿನ ಸುರುಳಿಗೆ ಕಾಂತಕ್ಷೇತ್ರ ಬೇಕು. ಅದಕ್ಕಾಗಿ ಅದು ಒಂದಿಷ್ಟು ಶಕ್ತಿಯನ್ನು ಕೈಗಡ ತಂದು ಮರುಕ್ಷಣವೇ ಹಿಂದಿರುಗಿಸುತ್ತದೆ. ನಮ್ಮ ಮನೆಗಳ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಸಲ! ಆದುದರಿಂದ ಪ್ರವಾಹವು ವೋಲ್ಟೇಜಿಗಿಂತ ತುಸು ಹಿಂದೆ ಬೀಳುತ್ತದೆ. ಗುಣಾಕಾರದ ಮೊತ್ತದಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲೇ ಪವರ್ ಫ್ಯಾಕ್ಟರ್. 230 ವೋಲ್ಟಿನಲ್ಲಿ 10 ಆಂಪೇರ್ ಹರಿದು, ಆ ಪಾಲು 0.7 ಇದ್ದರೆ, ದುಡಿಮೆಗೆ ದೊರೆಯುವುದು 2,300 ಅಲ್ಲ, 1,610 ವ್ಯಾಟ್.

ಕೈಗಡ ತೀರಿದರೂ ಹೊತ್ತು ತಂದ ಕೂಲಿ ತಪ್ಪದು. ಈ ಪಾಲು 1ರಿಂದ 0.7ಕ್ಕೆ ಇಳಿದರೆ, ಅದೇ ಕೆಲಸಕ್ಕೆ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಇಮ್ಮಡಿಯಾಗುತ್ತದೆ.

ಈ ಜಟಿಲ ಲೆಕ್ಕವನ್ನು ಸುಲಭಗೊಳಿಸಿದವರು ಚಾರ್ಲ್ಸ್ ಸ್ಟೈನ್‌ಮೆಟ್ಸ್. ಹುಟ್ಟಿನಿಂದಲೇ ಗೂನುಬೆನ್ನು, ಸಮಾಜವಾದಿಯೆಂಬ ಕಾರಣಕ್ಕೆ ಜರ್ಮನಿಯನ್ನು ತೊರೆದು, 1889ರಲ್ಲಿ ಬರಿಗೈಯಲ್ಲಿ ಅಮೆರಿಕ ಸೇರಿದವರು. 1893ರಲ್ಲಿ ಷಿಕಾಗೋ ನಗರದ ವಿದ್ಯುತ್ ಸಮ್ಮೇಳನಕ್ಕೆ ಅವರು ಒಂದು ಪ್ರಬಂಧವನ್ನು ಒಪ್ಪಿಸಿದರು. ಗಣಿತಜ್ಞರ ಪುಸ್ತಕದಲ್ಲೇ ಉಳಿದಿದ್ದ ಮಿಶ್ರಸಂಖ್ಯೆಗಳಿಂದ, ದುಡಿಯುವ ಪ್ರವಾಹವನ್ನೂ ಸುಮ್ಮನೆ ಓಡಾಡುವ ಪ್ರವಾಹವನ್ನೂ ಬೇರೆಬೇರೆಯಾಗಿ ಎಣಿಸುವ ದಾರಿ ಅದರಲ್ಲಿತ್ತು.

ಒಂಬತ್ತು ವರ್ಷಗಳ ಬಳಿಕ, 1902ರಲ್ಲಿ, ಶಿವನಸಮುದ್ರದ ಪರ್ಯಾಯ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ಉದ್ದದ ತಂತಿಗೆ ವ್ಯರ್ಥವಾದ ಒಂದೊಂದು ಆಂಪೇರೂ ಹೊರೆಯೇ.

ಮನೆಯ ಸಾಮಾನ್ಯ ಮೀಟರು ಈ ಕೈಗಡವನ್ನು ಎಣಿಸುವುದಿಲ್ಲ. ಕಾರ್ಖಾನೆಗಳಾದರೋ, ಪವರ್ ಫ್ಯಾಕ್ಟರ್ ಕುಗ್ಗಿದರೆ ದಂಡ ತೆರಬೇಕಾಗುತ್ತದೆ. ಪರಿಹಾರವೂ ಉಂಟು: ಮೋಟಾರಿನ ಪಕ್ಕದಲ್ಲೇ ಒಂದು ಕೆಪಾಸಿಟರ್ ಇಟ್ಟರಾಯಿತು. ಸುರುಳಿ ಬೇಡುವ ಹೊತ್ತಿಗೆ ಅದು ಕೊಡುತ್ತದೆ, ಹಿಂದಿರುಗಿಸುವ ಹೊತ್ತಿಗೆ ಪಡೆಯುತ್ತದೆ. ಕೈಗಡವು ನೆರೆಮನೆಯಲ್ಲೇ ಸಿಕ್ಕಮೇಲೆ ದೂರದ ಊರಿಗೆ ಗಾಡಿ ಕಟ್ಟುವುದೇಕೆ?